ಸುಟ್ಟವರು ಯಾರು?

ಇಂಗ್ಲಿಷ್ ನಮಗೆ ಬೇಕೇ ಬೇಕು. ಬೇಡ ಅನ್ನುವವರ ಮಕ್ಕಳು ಕಾನ್ವೆಂಟಿನಲ್ಲಿದ್ದಾರೆ. ಆದರೆ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಮಾಡಿಸುವ ಕರ್ಮಣಿ ಪ್ರಯೋಗದ ಅಭ್ಯಾಸ ನೋಡಿ: ಮಾಡಿದವನಿಗೆ ‘ಬೈ’ ಸೇರಿಸಿ ವಾಕ್ಯದ ಬಾಲಕ್ಕೆ ತಳ್ಳು, ಬೇಡವಾದರೆ ಬಿಟ್ಟೇ ಬಿಡು. ಬಿಟ್ಟರೆ ಯಾರಿಗೆ ಲಾಭ ಅಂತ ಪುಸ್ತಕ ಕೇಳೋದಿಲ್ಲ.

ನಮ್ಮವ್ವ ‘ಗುಡಿಸಲು ಸುಡಲ್ಪಟ್ಟಿತು’ ಅನ್ನಲ್ಲ, ‘ಸುಟ್ರು’ ಅಂತಾಳೆ. ಆ ‘ರು’ ಒಳಗೇ ಸುಟ್ಟವರಿದ್ದಾರೆ.

ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಉಳಿದದ್ದು ‘ಬೈ’ ಇಲ್ಲದ ವಾಕ್ಯ.

ಮೇಷ್ಟ್ರೇ, ಕರ್ಮಣಿ ಕಲಿಸಿ. ಕೋರ್ಟಿನ ಕಾಗದ ಓದೋಕೆ ಅದು ಬೇಕು. ಜೊತೆಗೆ ಇನ್ನೊಂದು ಅಭ್ಯಾಸವನ್ನೂ ಕೊಡಿ: ಪೇಪರಿನ ಸುದ್ದಿಯಲ್ಲಿ ‘ಬೈ’ ಬಿಟ್ಟುಹೋದ ಕಡೆಯೆಲ್ಲ ಮಕ್ಕಳು ‘ಯಾರಿಂದ?’ ಅಂತ ಕೇಳಲಿ.