ಕಲಿಯುವವನ ಕಡತ, ಪರೀಕ್ಷಕನ ಕಣ್ಣು

ತನ್ನ ಕಲಿಕೆಯ ಹೊಣೆಯನ್ನು ತಾನೇ ವಹಿಸಿಕೊಳ್ಳಬಲ್ಲ ಶಕ್ತಿಯೇ ಕಲಿಯುವವನ ಸ್ವಾಯತ್ತತೆಯೆಂದು ಆನ್ರಿ ಹೋಲೆಕ್ ಅವರು 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. ಗುರಿಯನ್ನು ಗೊತ್ತುಮಾಡುವುದರಿಂದ ಮೊದಲ್ಗೊಂಡು ಫಲದ ಬೆಲೆ ಕಟ್ಟುವವರೆಗೆ ಎಲ್ಲವೂ ಆ ಹೊಣೆಯಲ್ಲಿ ಅಡಕವಾಗಿದೆ. ಆ ಗ್ರಂಥಕ್ಕೆ ಆಶ್ರಯವಿತ್ತ ಯೂರೋಪ್ ಪರಿಷತ್ತೇ 2001ರಲ್ಲಿ ಭಾಷಾ ಪೋರ್ಟ್‌ಫೋಲಿಯೊ ಎಂಬ ಕಡತವನ್ನು ಬಳಕೆಗೆ ತಂದಿತು. ಪಾಸ್‌ಪೋರ್ಟು, ಭಾಷಾ ಜೀವನಚರಿತ್ರೆ, ಬರಹಗಳ ಸಂಗ್ರಹ ಎಂದು ಅದಕ್ಕೆ ಮೂರು ಅಂಗಗಳು. ಕಡತವು ಕಲಿಯುವವನ ಸ್ವತ್ತು ಎಂಬುದು ಅದರ ಮೂಲತತ್ತ್ವಗಳಲ್ಲೊಂದು.

ವಿಶ್ವವಿದ್ಯಾನಿಲಯಗಳ ಇಂಗ್ಲಿಷ್ ತರಗತಿಗಳಲ್ಲಿ ಕಾಣಿಸಿಕೊಂಡಿರುವ ಡಿಜಿಟಲ್ ಕಡತವು ತಾನೂ ಇದೇ ವಂಶದ್ದೆಂದು ಹೇಳಿಕೊಳ್ಳುತ್ತದೆ. ಅದರ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ವರ್ಷಾರಂಭದಲ್ಲಿ ತಡವರಿಸಿ ಓದಿದ ತನ್ನ ಧ್ವನಿಯನ್ನೂ ವರ್ಷಾಂತ್ಯದ ಧ್ವನಿಯನ್ನೂ ಒಟ್ಟಿಗೆ ಕೇಳಿ ಹೋಲಿಸುವ ಅವಕಾಶ ಕಾಗದದ ಕಡತದಲ್ಲಿ ಎಲ್ಲಿಂದ ಬರಬೇಕು? ಆದರೆ ಸ್ವತ್ತಿನ ಪ್ರಶ್ನೆ ಬೇರೆ. ನ್ಯೂಜಿಲೆಂಡಿನಲ್ಲಿ 2006ರಲ್ಲಿ ಹುಟ್ಟಿದ ‘ಮಹಾರಾ’ ಎಂಬ ವ್ಯವಸ್ಥೆಯನ್ನು ನೋಡಬಹುದು. ಯಾವ ಪುಟವನ್ನು ಯಾರಿಗೆ ತೋರಿಸಬೇಕೆಂಬುದನ್ನು ಅಲ್ಲಿ ವಿದ್ಯಾರ್ಥಿಯೇ ನಿಶ್ಚಯಿಸುತ್ತಾನೆ. ಆದರೆ ಪುಟವನ್ನು ಮೌಲ್ಯಮಾಪನಕ್ಕೆ ಒಪ್ಪಿಸಿದೊಡನೆ ಅದಕ್ಕೆ ಬೀಗ ಬೀಳುತ್ತದೆ. ಬಿಡುಗಡೆಯಾಗುವತನಕ ಬರೆದವನೇ ಅದನ್ನು ತಿದ್ದಲಾರ. ಯಂತ್ರ ನಿರ್ಮಿಸಿದವರನ್ನು ದೂರುವುದು ತರವಲ್ಲ. ಪರೀಕ್ಷೆಗೆ ಬೀಗ ಬೇಕೇ ಬೇಕು. ಪರೀಕ್ಷೆಯ ಉತ್ತರಪತ್ರಿಕೆಯನ್ನೇ ಸ್ವಾಯತ್ತತೆಯ ಸಾಧನವೆಂದು ಕರೆಯುವ ನಮ್ಮ ಬುದ್ಧಿಯೇ ಇಲ್ಲಿ ವಿಚಾರಣೆಗೆ ಅರ್ಹವಾದುದು. ಅಂಕ ಕೊಡುವವರು ಓದುವರೆಂದು ತಿಳಿದ ವಿದ್ಯಾರ್ಥಿ ಕೆಟ್ಟ ಕರಡನ್ನು ಏಕೆ ಉಳಿಸಿಯಾನು? ತನಗೆ ತಿಳಿಯದುದನ್ನು ತಿಳಿಯದೆಂದು ಏಕೆ ಬರೆದಾನು? ‘ಈ ಪಾಠದಿಂದ ಬಹಳ ಕಲಿತೆ’ ಎಂಬ ಒಂದೇ ವಾಕ್ಯ ಕಡತದಿಂದ ಕಡತಕ್ಕೆ ನಡೆಯುತ್ತದೆ. ಅದು ಆತ್ಮಪರೀಕ್ಷೆಯಲ್ಲ, ಅರ್ಜಿ.

ಇದಕ್ಕಿಂತಲೂ ತೊಡಕಿನದು ಆತ್ಮಪರೀಕ್ಷೆಯ ಭಾಷೆಯ ಪ್ರಶ್ನೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡೇವಿಡ್ ಲಿಟ್ಲ್ ಅವರು ಕಲಿಯುವವನ ಒಳಗೊಳ್ಳುವಿಕೆ, ಪರ್ಯಾಲೋಚನೆ, ಕಲಿಯುವ ಭಾಷೆಯ ಬಳಕೆ ಎಂಬ ಮೂರು ಸೂತ್ರಗಳನ್ನು ಹೇಳುತ್ತಾರೆ. ಪರ್ಯಾಲೋಚನೆಯೂ ಆದಷ್ಟು ಆ ಭಾಷೆಯಲ್ಲೇ ನಡೆಯಬೇಕೆಂಬುದು ಅವರ ಮತ. ಡೆನ್ಮಾರ್ಕಿನ ಲೆನಿ ಡಾಮ್ ಅವರ ಶಾಲಾ ಮಕ್ಕಳು ದಿನಚರಿ ಪುಸ್ತಕಗಳಲ್ಲಿ ಇದನ್ನು ಸಾಧಿಸಿ ತೋರಿಸಿದ್ದಾರೆ. ಆದಕಾರಣ ಈ ಮತವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೂ ಹನ್ನೆರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬಂದವಳ ಸ್ಥಿತಿ ಬೇರೆ. ಅವಳ ಆಲೋಚನೆ ಪ್ರೌಢ, ಇಂಗ್ಲಿಷ್ ಮಾತ್ರ ಎಳೆಯದು. ಇಂಗ್ಲಿಷಿನಲ್ಲೇ ಆಲೋಚಿಸೆಂದರೆ ಅವಳು ಇಂಗ್ಲಿಷ್ ಬಂದಷ್ಟನ್ನೇ ಆಲೋಚಿಸುತ್ತಾಳೆ. ವಾಕ್ಯ ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂಬುದನ್ನು ಅವಳು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಬಲ್ಲಳು. ಯೂರೋಪಿನ ಕಡತದ ಪಾಸ್‌ಪೋರ್ಟಿನಲ್ಲಿ ಮನೆಮಾತಿಗೂ ಸ್ಥಾನವಿದೆ. ನಮ್ಮ ಡಿಜಿಟಲ್ ಕಡತದಲ್ಲಿ ಅಂಕದ ಲೆಕ್ಕಕ್ಕೆ ಸೇರದ, ಬೀಗ ಬೀಳದ ಕೆಲವು ಕನ್ನಡ ಪುಟಗಳಿಗೆ ಎಡೆಯಿರಬಾರದೇಕೆ? ಅವುಗಳಲ್ಲಿ ಯಾವುದನ್ನು ಇಂಗ್ಲಿಷಿಗೆ ತರಬೇಕು, ಯಾವಾಗ ತರಬೇಕು ಎಂಬ ನಿರ್ಧಾರವನ್ನು ಅವಳಿಗೇ ಬಿಡಬಹುದು.