ಗುರುತು ಹಿಡಿಯುವ ಮಿದುಳು, ತಪ್ಪು ಹೊರಿಸುವ ತನಿಖೆ

ಶಂಕಿತನು ಬಾಯಿ ಬಿಡದಿದ್ದರೂ ಅವನಿಗೆ ಗೊತ್ತಿರುವುದನ್ನು ಮಿದುಳಿನ ವಿದ್ಯುತ್ ಅಲೆಗಳಿಂದ ತಿಳಿಯಬಹುದೆಂಬ ವಾದ ಪೂರಾ ಆಧಾರರಹಿತವಲ್ಲ. ಹಲವು ಚಿತ್ರಗಳ ನಡುವೆ ಅಪರೂಪಕ್ಕೆ ಬರುವ, ನೋಡುವವನಿಗೆ ಮಹತ್ವದ್ದಾದ ಚಿತ್ರವೊಂದು ಕಂಡಾಗ ಸುಮಾರು 300 ಮಿಲಿಸೆಕೆಂಡುಗಳ ಬಳಿಕ ನೆತ್ತಿಯ ಮೇಲಿನ ಇಲೆಕ್ಟ್ರೋಡುಗಳಲ್ಲಿ ‘ಪಿ300’ ಎಂಬ ಅಲೆ ದಾಖಲಾಗುತ್ತದೆ. 1991ರಲ್ಲಿ ಸಂಶೋಧಕರಾದ ಫಾರ್ವೆಲ್ ಮತ್ತು ಡಾಂಚಿನ್ ಇದನ್ನು ಬಚ್ಚಿಟ್ಟ ತಿಳಿವಳಿಕೆಯ ಪತ್ತೆಗೆ ಬಳಸಿ ತೋರಿಸಿದರು.

ತೊಡಕಿರುವುದು ಪ್ರಯೋಗಾಲಯದ ಹೊರಗೆ. ಮುಂಡರಗಿ ಸೀಮೆಯ ಹೊಲವೊಂದರಲ್ಲಿ ಕುಡಗೋಲಿನಿಂದ ಕೊಲೆ ನಡೆದಿದೆ ಎಂದಿಟ್ಟುಕೊಂಡರೆ, ಕೊಡಲಿ, ಬಡಿಗೆ, ಹಗ್ಗ, ಕಲ್ಲುಗಳ ಚಿತ್ರಗಳ ನಡುವೆ ಕುಡಗೋಲು ಕಂಡಾಗ ಕೊಂದವನ ಮಿದುಳು ಮಾತ್ರ ಬೇರೆಯಾಗಿ ಸ್ಪಂದಿಸಬೇಕೆಂಬುದು ಪರೀಕ್ಷೆಯ ತರ್ಕ. ಆದರೆ ಪಂಚನಾಮೆಯ ಹೊತ್ತಿಗೆ ಬದುವಿನ ಮೇಲೆ ಅರ್ಧ ಊರು ನೆರೆದಿರುತ್ತದೆ, ಸಂಜೆಯೊಳಗೆ ಆಯುಧದ ಸುದ್ದಿ ಶಿರಹಟ್ಟಿ, ಲಕ್ಷ್ಮೇಶ್ವರಗಳ ಸಂತೆಯನ್ನೂ ಮುಟ್ಟಿರುತ್ತದೆ, ಶವವನ್ನು ಮೊದಲು ಕಂಡ ಪಕ್ಕದ ಹೊಲದ ರೈತನ ಮಿದುಳಿನಲ್ಲೂ ಅದೇ ಅಲೆ ಏಳಬಹುದು. ಅಲೆ ಹೇಳುವುದು ಗುರುತನ್ನೇ ಹೊರತು ಕೃತ್ಯವನ್ನಲ್ಲ.

ಕೇಳಿ ತಿಳಿದದ್ದನ್ನೂ ಸ್ವತಃ ಮಾಡಿ ಅನುಭವಿಸಿದ್ದನ್ನೂ ಬೇರ್ಪಡಿಸಬಲ್ಲೆವೆಂಬ ದೊಡ್ಡ ಮಾತು ಹುಟ್ಟಿದ್ದು ಭಾರತದಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವಿಜ್ಞಾನಿ ಸಿ.ಆರ್. ಮುಕುಂದನ್ ರೂಪಿಸಿದ ‘ಬಿಯೋಸ್’ ತಂತ್ರದ ಫಲಿತಾಂಶವನ್ನು 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದ ತೀರ್ಪಿನಲ್ಲಿ ಪರಿಗಣಿಸಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕ ಡಿ. ನಾಗರಾಜ ನೇತೃತ್ವದ ಸಮಿತಿಯು ಈ ಬಗೆಯ ಪರೀಕ್ಷೆಗೆ ವೈಜ್ಞಾನಿಕ ಆಧಾರ ಸಾಲದೆಂದು ಹೇಳಿದ್ದು ಗಮನಾರ್ಹ. ಯಾವ ಸಂಸ್ಥೆಯ ಹೆಸರಿನಿಂದ ತಂತ್ರಕ್ಕೆ ಗೌರವ ಬಂದಿತ್ತೋ ಅದರ ಮುಖ್ಯಸ್ಥರೇ ಅದನ್ನು ಪ್ರಶ್ನಿಸಿದರು.

2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಒತ್ತಾಯದ ಮಂಪರು ಪರೀಕ್ಷೆ, ಸುಳ್ಳುಪತ್ತೆ ಮತ್ತು ಮಿದುಳು ಪರೀಕ್ಷೆಗಳನ್ನು ನಿಷೇಧಿಸಿ, ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕನ್ನು ಮನಸ್ಸಿನ ಒಳಗಿಗೂ ವಿಸ್ತರಿಸಿತು. ಇದು ಈ ತೀರ್ಪಿನ ನಿಜವಾದ ಹಿರಿಮೆ. ಆದರೆ ಒಪ್ಪಿಗೆಯಿಂದ ನಡೆದ ಪರೀಕ್ಷೆಯಿಂದ ಮುಂದೆ ಪತ್ತೆಯಾಗುವ ವಸ್ತುವನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದಿತು. ಪೊಲೀಸ್ ವಶದಲ್ಲಿರುವವನು ಒಲ್ಲೆನೆಂದರೆ ತನ್ನ ಮೇಲಿನ ಸಂಶಯ ಬಲಿಯುತ್ತದೆಂದು ಅಂಜುವಾಗ, ಮ್ಯಾಜಿಸ್ಟ್ರೇಟರ ಮುಂದೆ ದಾಖಲಾದ ಒಪ್ಪಿಗೆಯೂ ಎಷ್ಟು ಸ್ವಂತದ್ದೆಂದು ಕೇಳಲೇಬೇಕಾಗುತ್ತದೆ.

ಗುರುತನ್ನು ಪತ್ತೆಹಚ್ಚುವ ಇನ್ನೊಂದು ದಾರಿಯಾದ ಕಣ್ಣಿನ ಚಲನೆಯ ವಿಧಾನ ಒಪ್ಪಿಗೆಯ ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಪರಿಚಿತ ಮುಖವನ್ನು ಕಣ್ಣು ಅಪರಿಚಿತ ಮುಖಕ್ಕಿಂತ ಬೇರೆ ರೀತಿಯಲ್ಲಿ, ಹೆಚ್ಚಾಗಿ ಕಡಿಮೆ ಕಡೆ ನಿಂತು ಆದರೆ ನಿಂತಲ್ಲಿ ಹೆಚ್ಚು ಹೊತ್ತು ನೋಡುತ್ತದೆ ಎಂಬುದು ಇದರ ಆಧಾರ. ಇಲ್ಲಿಯೂ ಸಿಗುವುದು ಗುರುತೇ. ನೆತ್ತಿಗೆ ತಂತಿ ಅಂಟಿಸದೆ ಕ್ಯಾಮೆರಾ ಒಂದರಿಂದಲೇ ಇದನ್ನು ದಾಖಲಿಸಲು ಸಾಧ್ಯವಿರುವುದರಿಂದ, ವಿಚಾರಣೆಯ ಮೇಜಿನ ಮೇಲೆ ಫೋಟೋಗಳನ್ನು ಹರಡುವ ನೆಪದಲ್ಲಿ ಆರೋಪಿಗೆ ತಿಳಿಯದಂತೆಯೇ ಪರೀಕ್ಷೆ ಮುಗಿದುಹೋಗಬಹುದು. 2010ರ ತೀರ್ಪಿನ ರಕ್ಷಣೆಯು ಆ ಕ್ಯಾಮೆರಾಕ್ಕೂ ಅನ್ವಯಿಸುತ್ತದೆಂದು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.