ಸಿಂಹ ರಾಶಿ ಹೌಸ್‌ಫುಲ್, ಕನ್ಯಾ ರಾಶಿ ಖಾಲಿ

ಭಾನುವಾರ ಪೇಪರ್ ಬಂದ್ರೆ ಅಮ್ಮ ಮೊದಲು ತೆಗೆಯೋದು ವಾರಭವಿಷ್ಯ, ನಾನು ಸಿನಿಮಾ ಪುಟ. ಮೊನ್ನೆ ಯಾವುದೋ ವಿಮರ್ಶೆ ಓದ್ತಾ ‘ಮೂರು ಸ್ಟಾರ್ ಕೊಟ್ಟಿದ್ದಾರೆ’ ಅಂದೆ. ಅಮ್ಮ ಕನ್ನಡಕದ ಮೇಲಿಂದ ನೋಡಿ, ‘ಇರೋದು ಇಪ್ಪತ್ತೇಳು ನಕ್ಷತ್ರ. ಅದರಲ್ಲಿ ಯಾವ ಮೂರು ಕಣೇ?’ ಅಂದ್ಲು.

ನಕ್ಕು ಸುಮ್ಮನಾದೆ. ಆಮೇಲೆ ಯೋಚನೆ ಮಾಡಿದರೆ ಪ್ರಶ್ನೆ ಸರಿಯಾಗೇ ಇತ್ತು. ಐದಕ್ಕೆ ಮೂರು ಅಂದರೆ ಸಿನಿಮಾ ಎಷ್ಟು ಚೆನ್ನಾಗಿದೆ ಅಂತ ಗೊತ್ತಾಗಬಹುದು, ಎಂಥದು ಅಂತ ಗೊತ್ತಾಗಲ್ಲ. ರಾಶಿ ಹೇಳಿದರೆ ಕಡೇಪಕ್ಷ ಸ್ವಭಾವವಾದರೂ ತಿಳಿಯುತ್ತೆ. ನನಗೆ ಜ್ಯೋತಿಷ್ಯದಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಅವತ್ತು ಮಧ್ಯಾಹ್ನ ಊಟ ಆದಮೇಲೆ ಹಾಳೆಯ ಮೇಲೆ ಹನ್ನೆರಡು ಮನೆ ಬರೆದು, ಈಚಿನ ಕನ್ನಡ ಸಿನಿಮಾಗಳನ್ನ ಒಂದೊಂದಾಗಿ ಕೂರಿಸಲು ಹೊರಟೆ.

ನಮ್ಮ ಚಿತ್ರರಂಗಕ್ಕೆ ಇದೇನೂ ಹೊಸದಲ್ಲ. ಒಳ್ಳೆ ಮುಹೂರ್ತ ನೋಡಿ ಕ್ಲಾಪ್ ಮಾಡ್ತಾರೆ, ಚಿತ್ರೀಕರಣ ಮುಗಿದರೆ ಕುಂಬಳಕಾಯಿ ಒಡೀತಾರೆ. ಇಷ್ಟೆಲ್ಲ ಮಾಡಿ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಮೊದಲ ಆಟ ಇಡ್ತಾರೆ. ಪಂಚಾಂಗ ತೆಗೆದು ನೋಡಿ, ಶುಕ್ರವಾರದ ರಾಹುಕಾಲ ಶುರುವಾಗೋದೇ ಹತ್ತೂವರೆಗೆ! ಹಾಗಾಗಿ ಹುಟ್ಟಿದ ಗಳಿಗೆ ನೋಡಿ ರಾಶಿ ಹೇಳುವ ಆಟ ಇಲ್ಲಿ ನಡೆಯೋದಿಲ್ಲ. ನಾನು ನೋಡಿದ್ದು ಗುಣ. ನಿಯಮ ಎರಡೇ: 2020ರಿಂದ ಈಚೆಗೆ ಬಂದಿರಬೇಕು, ನಾನು ಪೂರ್ತಿ ನೋಡಿರಬೇಕು.

ಮೇಷ ಸುಲಭವಾಗಿ ಸಿಕ್ಕಿತು. ‘ಟೋಬಿ’ (2023). ಮೇಷ ಅಂದರೆ ಟಗರು, ಗುದ್ದುವ ಪ್ರಾಣಿ ಅಂತಲೇ ಎಲ್ಲರ ಲೆಕ್ಕ. ಆದರೆ ನಮ್ಮೂರುಗಳಲ್ಲಿ ಟಗರಿಗೆ ಇನ್ನೊಂದು ಗತಿ ಇದೆ, ಮಾರಿಗೆ ಬಿಡೋದು. ಮಾತು ಬಾರದ, ಮನೆಮಾರಿಲ್ಲದ ಟೋಬಿಯನ್ನ ಊರವರು ಬೇಕಾದಾಗ ಬಳಸಿಕೊಂಡು ಬೇಡದಾಗ ಒದೀತಾರೆ. ಕೊನೆಗೆ ಅವನು ಗುದ್ದುವಾಗ ನಮಗೆ ಶಿಳ್ಳೆ ಹೊಡೆಯಬೇಕು ಅನಿಸಲ್ಲ, ಕರುಳು ಚುರ್ ಅನ್ನುತ್ತೆ. ರಾಜ್ ಬಿ. ಶೆಟ್ಟಿ ಕಣ್ಣಲ್ಲೇ ನಟಿಸಿದ್ದಾರೆ. ಸಿನಿಮಾ ಸ್ವಲ್ಪ ಉದ್ದವಾಯ್ತು, ಅದು ಬೇರೆ ಮಾತು.

ವೃಷಭಕ್ಕೆ ‘ಗರುಡ ಗಮನ ವೃಷಭ ವಾಹನ’ (2021) ತಾನಾಗೇ ಬಂದು ನಿಂತಿತು, ಹೆಸರಲ್ಲೇ ಎತ್ತು ಇದೆಯಲ್ಲ. ಹೆಸರು ನೋಡಿ ಮೋಸ ಹೋಗಬಾರದು. ಆ ಮಂಗಳಾದೇವಿಯ ಶಿವನದು ಎತ್ತಿನ ಸ್ವಭಾವ ಅಲ್ಲ, ಬಾಲದಲ್ಲಿ ವಿಷ ಇಟ್ಟುಕೊಂಡ ಚೇಳಿನದು. ವೃಷಭ ಭೂತತ್ತ್ವದ ರಾಶಿ. ಹಾಗಾಗಿ ಆ ಮನೆ ‘ಕಾಂತಾರ’ಕ್ಕೆ (2022) ಹೋಗಬೇಕು. ಕಂಬಳದಲ್ಲಿ ಓಡೋದು ಕೋಣ, ಎತ್ತಲ್ಲ ಅಂತ ತಕರಾರು ತೆಗೀಬೇಡಿ. ಇಡೀ ಕಥೆ ನಿಂತಿರೋದು ನೆಲದ ಮೇಲೆ. ರಾಜ ದೈವದ ಮುಂದೆ ಕೊಟ್ಟ ಭೂಮಿ, ಅದನ್ನ ವಾಪಸ್ ಕಸಿಯಲು ನೋಡುವ ಅವನ ವಂಶ, ನಡುವೆ ಬೇಲಿ ಹಾಕಲು ಬಂದ ಅರಣ್ಯ ಇಲಾಖೆ. ಆ ಬೇಲಿಯ ಪಕ್ಕ ಖಾಕಿ ಹಾಕಿಕೊಂಡು ನಿಂತ ಲೀಲಾಳನ್ನ ಒಂದು ಕ್ಷಣ ನೆನಪಲ್ಲಿಟ್ಟುಕೊಳ್ಳಿ. ಮುಂದೆ ಬೇಕಾಗ್ತಾಳೆ.

ಮಿಥುನ ಅಂದರೆ ಹೆಣ್ಣು-ಗಂಡಿನ ಜೋಡಿ. ‘ಸು ಫ್ರಂ ಸೋ’ (2025) ಆ ಜೋಡಿಯನ್ನ ಒಂದೇ ಮೈಯಲ್ಲಿ ತುಂಬಿದೆ. ತನ್ನದೊಂದು ಕಿತಾಪತಿ ಮುಚ್ಚಿಕೊಳ್ಳಲು ಮೈಮೇಲೆ ಬಂದವನ ಹಾಗೆ ನಟಿಸುವ ಅಶೋಕ, ನೋಡನೋಡುತ್ತಾ ಊರಿಗೆಲ್ಲ ಸೋಮೇಶ್ವರದ ಸುಲೋಚನ ಆಗಿಬಿಡ್ತಾನೆ. ಈಚಿನ ವರ್ಷಗಳಲ್ಲಿ ಥಿಯೇಟರಿನಲ್ಲಿ ಅಷ್ಟು ನಕ್ಕಿದ್ದು ನನಗೆ ನೆನಪಿಲ್ಲ. ಮನೆಗೆ ಬಂದಮೇಲೆ ಒಂದು ವಿಷಯ ಕಾಡಿತು. ಒಬ್ಬ ಹೆಂಗಸಿನ ಮಾತನ್ನ ಊರು ಕಿವಿಗೊಟ್ಟು ಕೇಳಬೇಕಾದರೆ ಅವಳು ಸತ್ತು ಗಂಡಸಿನ ಮೈಮೇಲೆ ಬರಬೇಕು. ನಿರ್ದೇಶಕ ಜೆ.ಪಿ. ತೂಮಿನಾಡ್‌ಗೆ ಇದು ಗೊತ್ತಿದೆ. ಅದಕ್ಕೇ ಭಾನು ಬಂದ ಮೇಲೆ ನಗು ಬೇರೆ ದಾರಿ ಹಿಡಿಯುತ್ತೆ.

ಕರ್ಕಾಟಕದ ಅಧಿಪತಿ ಚಂದ್ರ, ಅಂದರೆ ತಾಯಿ, ಮನಸ್ಸು. ಸುಮಂತ್ ಭಟ್ ನಿರ್ದೇಶನದ ‘ಮಿಥ್ಯ’ (2025) ಇಲ್ಲಿಗೆ. ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡ ಹನ್ನೊಂದರ ಹುಡುಗ ಮುಂಬೈಯಿಂದ ಉಡುಪಿಯ ಕಡೆ ಚಿಕ್ಕಮ್ಮನ ಮನೆಗೆ ಬರ್ತಾನೆ. ಅವನ ಹೆಸರು ಮಿಥುನ್. ಹೆಸರಲ್ಲಿ ಮಿಥುನ, ‘ಮಿ’ ಅಕ್ಷರದ ಮೇಲೆ ರಾಶಿ ಹೇಳೋರ ಪ್ರಕಾರ ಮಖಾ ನಕ್ಷತ್ರ, ಸಿಂಹ ರಾಶಿ. ಹುಡುಗನನ್ನ ನೋಡಿದರೆ ಪಾಪ, ಚಿಪ್ಪಿನೊಳಗೆ ಕೂತ ಏಡಿ. ಯಾರೂ ಅವನಿಗೆ ಕೆಟ್ಟದು ಮಾಡಲ್ಲ, ಆದರೂ ಯಾವ ಮನೆಯೂ ಅವನದಾಗಲ್ಲ. ಅಳಿಸುವ ಹಟ ಈ ಸಿನಿಮಾಕ್ಕಿಲ್ಲ, ಅದಕ್ಕೇ ನಾನು ಅತ್ತೆ.

ಇನ್ನು ಸಿಂಹ. ಇಲ್ಲಿ ನೂಕುನುಗ್ಗಲು ಶುರು. ‘ಕೆಜಿಎಫ್ ಚಾಪ್ಟರ್ 2’ (2022) ಮೊದಲೇ ಬಂದು ಸಿಂಹಾಸನದ ಮೇಲೆ ಕೂತಿದೆ. ಬಾಗಿಲಲ್ಲಿ ‘ಕಬ್ಜ’, ‘ಮಾರ್ಟಿನ್’, ‘ಭೀಮ’, ‘ಬಘೀರ’, ‘ಭೈರತಿ ರಣಗಲ್’, ‘ಮ್ಯಾಕ್ಸ್’. ಎಲ್ಲರೂ ರಾಜರೇ, ಎಲ್ಲರಿಗೂ ಹಿಂದಿನಿಂದ ಬೆಳಕು, ಸ್ಲೋ ಮೋಷನ್ನಿನಲ್ಲಿ ನಡಿಗೆ. ಹೀಗಂತ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಂದೇ ರಾತ್ರಿಯಲ್ಲಿ ಕಥೆ ಮುಗಿಸುವ ‘ಮ್ಯಾಕ್ಸ್’ನ ಬಿಗಿ ನನಗೆ ಹಿಡಿಸಿತು. ವಕೀಲನ ಕೋಟು ಹಾಕಿಕೊಂಡ ಶಿವಣ್ಣನ ತಣ್ಣಗಿನ ನೋಟಕ್ಕೆ ನಾನೂ ಶಿಳ್ಳೆ ಹೊಡೆದವಳೇ. ಆದರೆ ಕಾಡು ಅಂದಮೇಲೆ ಜಿಂಕೆ, ಮೊಲ, ಹುಲ್ಲು, ನೀರು ಎಲ್ಲ ಇರಬೇಕು. ಬರೀ ಸಿಂಹಗಳೇ ಇದ್ದರೆ ಅವು ತಿನ್ನೋದೇನನ್ನ? ಕೊನೆಗೆ ನೋಡುವವರನ್ನೇ ತಿನ್ನಬೇಕು.

ಕನ್ಯಾ ರಾಶಿಗೆ ಪೆನ್ನು ನಿಂತಿತು. ಹೇಳಲೇಬೇಕು, ನನ್ನದೇ ಕನ್ಯಾ ರಾಶಿ, ಹಸ್ತಾ ನಕ್ಷತ್ರ. ಒಂದು ಹೆಣ್ಣು ತನ್ನ ಕಥೆಯನ್ನ ತಾನೇ ನಡೆಸುವ ಸಿನಿಮಾ ಅಂತ ಹತ್ತು ನಿಮಿಷ ತಲೆ ಕೆರೆದುಕೊಂಡೆ. ಆ ಮನೆ ಖಾಲಿ ಬಿಟ್ಟು ಮುಂದೆ ಹೋದೆ.

ತುಲಾ ರಾಶಿಗೆ ತಡವರಿಸಲೇ ಇಲ್ಲ. ಸ್ವಾತಿ ನಕ್ಷತ್ರದ ನಾಲ್ಕು ಪಾದವೂ ತುಲಾದಲ್ಲೇ ಬರೋದು, ಹಾಗಾಗಿ ‘ಸ್ವಾತಿ ಮುತ್ತಿನ ಮಳೆ ಹನಿಯೇ’ (2023) ಹೆಸರಿನಿಂದಲೂ ಗುಣದಿಂದಲೂ ಅಲ್ಲಿಗೇ ಸೇರಬೇಕು. ಸಾವಿಗೆ ದಿನ ಎಣಿಸುವವರ ಹಾಸ್ಪೀಸ್‌ನಲ್ಲಿ ಸಮಾಧಾನ ಹೇಳುವ ಪ್ರೇರಣಾ, ಸಮಾಧಾನ ಬೇಡದ ರೋಗಿ ಅನಿಕೇತ್. ಒಂದು ತಟ್ಟೆಯಲ್ಲಿ ಸಾವು, ಇನ್ನೊಂದರಲ್ಲಿ ಸತ್ತಂತಿರುವ ಸಂಸಾರ. ಸಿರಿ ರವಿಕುಮಾರ್ ತಕ್ಕಡಿಯ ಮುಳ್ಳಿನ ಹಾಗೆ ನಡುವೆ ನಿಂತಿದ್ದಾರೆ. ಪ್ರೇರಣಾಳನ್ನ ಎತ್ತಿ ಕನ್ಯಾಕ್ಕೆ ಹಾಕೋಣ ಅಂತ ಒಮ್ಮೆ ಆಸೆಯಾಯ್ತು. ಆಮೇಲೆ ಬಿಟ್ಟೆ. ಅವಳನ್ನ ಎಚ್ಚರಿಸಲೂ ಒಬ್ಬ ಗಂಡಸೇ ಬರಬೇಕಾಯ್ತು.

ವೃಶ್ಚಿಕ: ‘ಶಾಖಾಹಾರಿ’ (2024). ಮಲೆನಾಡಿನ ಸಣ್ಣ ಹೋಟೆಲು, ಭಟ್ಟ ಸುಬ್ಬಣ್ಣನಾಗಿ ರಂಗಾಯಣ ರಘು. ಕಲ್ಲೆತ್ತಿದ ಮೇಲೇ ಚೇಳು ಕಾಣೋದು ನೋಡಿ, ಹಾಗೆ ದೋಸೆ ಕಾವಲಿಯ ಹಿಂದೆ ಇಷ್ಟು ಕತ್ತಲಿದೆ ಅಂತ ಮೊದಲರ್ಧದಲ್ಲಿ ಯಾರಿಗೂ ಅನುಮಾನ ಬರಲ್ಲ. ರಘು ಅವರನ್ನ ಬರೀ ನಗಿಸಲು ಬಳಸಿಕೊಂಡ ವರ್ಷಗಳನ್ನ ನೆನೆದರೆ ಹೊಟ್ಟೆ ಉರಿಯುತ್ತೆ.

ಧನು ಹನ್ನೆರಡರಲ್ಲಿ ಒಂಬತ್ತನೆಯದು. ಒಂಬತ್ತನೇ ಮನೆಯನ್ನ ಧರ್ಮಸ್ಥಾನ ಅಂತಾರೆ, ದೂರ ಪ್ರಯಾಣವೂ ಅಲ್ಲಿಂದಲೇ ನೋಡೋದು. ಧನುವಿನ ಚಿತ್ರವೋ, ಅರ್ಧ ಮನುಷ್ಯ ಅರ್ಧ ಪ್ರಾಣಿ. ‘777 ಚಾರ್ಲಿ’ (2022) ಬಿಟ್ಟು ಇನ್ನಾವುದು? ನಾಯಕನ ಹೆಸರೇ ಧರ್ಮ, ನಾಯಿಗೆ ಹಿಮ ತೋರಿಸಲು ಮೈಸೂರಿನಿಂದ ಹೊರಟವನು. ಕಿರಣ್‌ರಾಜ್ ಕಣ್ಣೀರಿನ ನಲ್ಲಿ ಸ್ವಲ್ಪ ಜಾಸ್ತಿಯೇ ತಿರುಗಿಸಿದ್ದಾರೆ. ಗೊತ್ತಿದ್ದೂ ಎರಡು ಸಲ ನೋಡಿದೆ.

ಮಕರದ ಒಡೆಯ ಶನಿ, ಅಂಗ ಮೊಣಕಾಲು. ಶನಿ ಅಂದರೆ ಬರೀ ಕಾಟ ಅಲ್ಲ, ದುಡಿಮೆ ಮತ್ತು ದುಡಿಯುವ ಜನ. ಉತ್ಸವ್ ಗೋನವಾರ ಅವರ ‘ಫೋಟೋ’ (2024) ಇಲ್ಲಿ. ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಹತ್ತಿರ ರಾಯಚೂರು ಕಡೆಯಿಂದ ಮಗ ಬರೋದು ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಲು. ಅಷ್ಟರಲ್ಲಿ ಲಾಕ್‌ಡೌನ್. ಆಮೇಲೆ ನಡಿಗೆಯೇ ನಡಿಗೆ. ಸಿಂಹಗಳು ಸ್ಲೋ ಮೋಷನ್ನಿನಲ್ಲಿ ಹತ್ತು ಹೆಜ್ಜೆ ನಡೆದರೆ ಜೈಕಾರ ಹಾಕುವ ನಾವು, ಈ ಅಪ್ಪ-ಮಗ ನಡೆದಾಗ ಥಿಯೇಟರಿನಲ್ಲಿ ಇದ್ದದ್ದು ಬೆರಳೆಣಿಕೆಯಷ್ಟು ಜನ.

ಕುಂಭ ಅಂದರೆ ಕೊಡ ಹೊತ್ತ ಮನುಷ್ಯ. ‘ಉಪ್ಪಿ 2’ ಆದ ಎಷ್ಟೋ ವರ್ಷಕ್ಕೆ ಉಪೇಂದ್ರ ‘ಯುಐ’ (2024) ಅನ್ನುವ ಕೊಡ ಹೊತ್ತು ಬಂದರು. ಬುದ್ಧಿವಂತರು ಎದ್ದು ಹೋಗಿ ಅಂತ ಶುರುವಿನಲ್ಲೇ ಹೇಳುವ ಸಿನಿಮಾ ಬೇರೆ ಯಾರು ಮಾಡ್ತಾರೆ? ಕೊಡ ತುಂಬಿತ್ತೋ ಖಾಲಿಯೋ ಅಂತ ನಮ್ಮ ಮನೆಯಲ್ಲಿ ಇನ್ನೂ ಜಗಳ ನಡೀತಿದೆ. ಕೊಡ ದೊಡ್ಡದಿತ್ತು ಅನ್ನೋದಕ್ಕೆ ಮಾತ್ರ ಎಲ್ಲರ ಒಪ್ಪಿಗೆ ಇದೆ.

ಕೊನೆಗೆ ಮೀನ. ಒಂದರ ಬಾಲದ ಕಡೆ ಇನ್ನೊಂದರ ತಲೆ ಇರುವ ಎರಡು ಮೀನು. ‘ಸಪ್ತ ಸಾಗರದಾಚೆ ಎಲ್ಲೋ’ (2023) ಎರಡು ಭಾಗವಾಗಿ ಬಂತು, ಸೈಡ್ ಎ ಮತ್ತು ಸೈಡ್ ಬಿ. ಒಂದರಲ್ಲಿ ಮನು ಜೈಲಿಗೆ ಹೋಗ್ತಾನೆ, ಇನ್ನೊಂದರಲ್ಲಿ ಹೊರಗೆ ಬರ್ತಾನೆ. ಎರಡೂ ಎದುರುಬದುರು ದಿಕ್ಕಿಗೆ ಈಜುತ್ತವೆ. ಸೈಡ್ ಎಯಲ್ಲಿ ರುಕ್ಮಿಣಿ ವಸಂತ್ ಅವರ ಪ್ರಿಯಾ ಪೂರ್ತಿ ಒಬ್ಬ ಮನುಷ್ಯಳು: ಹಾಡ್ತಾಳೆ, ಸಿಟ್ಟಾಗ್ತಾಳೆ, ಕಾಯ್ತಾಳೆ. ಸೈಡ್ ಬಿಗೆ ಬರುವಷ್ಟರಲ್ಲಿ ಅವಳು ಮನು ದೂರದಿಂದ ಕದ್ದು ನೋಡುವ ಚಿತ್ರ ಆಗಿದ್ದಾಳೆ. ಅವನು ಅವಳ ಬದುಕನ್ನ ಅವಳಿಗೇ ತಿಳಿಯದ ಹಾಗೆ ರಿಪೇರಿ ಮಾಡ್ತಾನೆ. ಥಿಯೇಟರಿನಲ್ಲಿ ಅದು ಪ್ರೀತಿಯ ಪರಾಕಾಷ್ಠೆ ಅನಿಸಿತ್ತು. ಈಗ ಅನಿಸೋದು, ಅವಳನ್ನ ಒಂದು ಮಾತು ಕೇಳಬಹುದಿತ್ತಲ್ಲ?

ಹಾಳೆ ಎತ್ತಿ ಹಿಡಿದು ನೋಡಿದೆ. ಸಿಂಹದಲ್ಲಿ ಏಳು ಹೆಸರು, ಪಕ್ಕದ ಮನೆಯಲ್ಲಿ ಸೊನ್ನೆ. ಹಾಗಂತ ಹೆಣ್ಣುಗಳೇ ಇಲ್ಲ ಅಂತಲ್ಲ. ಪ್ರೇರಣಾ, ಪ್ರಿಯಾ ಇದ್ದಾರೆ. ಲೀಲಾಳನ್ನೇ ನೋಡಿ. ತನ್ನ ಊರಿನ ನೆಲಕ್ಕೆ ತಾನೇ ನಿಂತು ಬೇಲಿ ಹಾಕಿಸಬೇಕಾದ ಹುಡುಗಿ. ‘ಕಾಂತಾರ’ದಲ್ಲಿ ಅತಿ ಕಷ್ಟದ ಜಾಗದಲ್ಲಿ ನಿಂತವಳು ಅವಳೇ. ಕ್ಯಾಮೆರಾ ಅವಳ ಪಕ್ಕ ಕೂತು ಒಂದು ರಾತ್ರಿ ಕಳೆದಿದ್ದರೆ ಅದೇ ಒಂದು ಸಿನಿಮಾ. ನಾಯಕ ಅವಳ ಸೊಂಟ ಚಿವುಟುವಷ್ಟು ಹೊತ್ತು ಸಿಕ್ಕಿದ ಸಿನಿಮಾಕ್ಕೆ, ಅದಕ್ಕೆ ಹೊತ್ತು ಸಿಗಲಿಲ್ಲ.

ಅಮ್ಮ ಬಂದು ಹಾಳೆ ನೋಡಿದ್ಲು. ‘ಏನೇ, ನಿನ್ನ ಮನೆಯೇ ಖಾಲಿ?’

‘ಬಾಡಿಗೆಗೆ ಯಾರೂ ಬಂದಿಲ್ಲ’ ಅಂದೆ.

‘ಕನ್ಯಾ ಅಂದ್ರೆ ಸುಮ್ನೆ ನಾಚಿಕೊಂಡು ನಿಂತ ಹುಡುಗಿ ಅಂದ್ಕೊಂಡ್ಯಾ? ದೋಣೀಲಿ ಕೂತಿರ್ತಾಳೆ. ಕೈಯಲ್ಲಿ ಧಾನ್ಯದ ತೆನೆ, ಬೆಂಕಿ. ಸರಿಯಾಗಿ ಹುಡುಕು.’

ಅಮ್ಮ ಹೇಳಿದ್ದು ನಿಜ, ವರಾಹಮಿಹಿರನ ಬೃಹಜ್ಜಾತಕದಲ್ಲೇ ಕನ್ಯಾ ರಾಶಿಯ ಚಿತ್ರ ಹಾಗಿದೆ. ತೆನೆ ಮತ್ತು ಬೆಂಕಿ ಅಂದಕೂಡಲೇ ನೆನಪಾಯ್ತು, ಮಂಸೋರೆ ಅವರ ‘ಆಕ್ಟ್ 1978’ (2020). ತನಗೆ ಬರಬೇಕಾದ ದುಡ್ಡಿಗೆ ಸರ್ಕಾರಿ ಕಚೇರಿ ಅಲೆದು ಅಲೆದು, ಕೊನೆಗೆ ತುಂಬು ಬಸುರಿ ಗೀತಾ ಮೈಗೆ ಬಾಂಬ್ ಕಟ್ಟಿಕೊಂಡು ಅದೇ ಕಚೇರಿಯಲ್ಲಿ ಬಂದು ಕೂರ್ತಾಳೆ. ಒಂದೇ ಒಡಲಲ್ಲಿ ತೆನೆಯೂ ಇದೆ, ಬೆಂಕಿಯೂ ಇದೆ. ಯಜ್ಞಾ ಶೆಟ್ಟಿ ಕೂಗಾಡಲ್ಲ, ಕುರ್ಚಿಯಲ್ಲಿ ಕೂತೇ ಇಡೀ ಕಚೇರಿಯನ್ನ ನಡುಗಿಸ್ತಾರೆ. ಕಡತ, ಸಹಿ, ಲೆಕ್ಕ, ಎಲ್ಲ ಬುಧನ ರಾಶಿಯ ಸರಂಜಾಮೇ. ಆಮೇಲೆ ಚಂಪಾ ಶೆಟ್ಟಿ ಅವರ ‘ಕೋಳಿ ಎಸ್ರು’ ನೆನಪಾಯ್ತು. ಮಗಳ ಬಾಯಿಗೆ ಒಂದು ದಿನ ಕೋಳಿ ಸಾರು ಹಾಕಲು ಒದ್ದಾಡುವ ತಾಯಿ, ಅಕ್ಷತಾ ಪಾಂಡವಪುರ.

ಅಂದರೆ ಮನೆ ಖಾಲಿ ಇರಲಿಲ್ಲ. ನಾನೇ ಹತ್ತು ನಿಮಿಷ ಹುಡುಕಿ ಬೀಗ ಹಾಕಿದ್ದೆ. ಕನ್ಯಾ ರಾಶಿಯವಳೇ ಹೀಗೆ ಮರೆತರೆ ಥಿಯೇಟರಿನವರನ್ನ ಏನು ಬೈಯೋದು? ಏಳು ಸಿಂಹಗಳ ಹೆಸರು ಬಾಯಿಗೆ ತಾನಾಗಿ ಬಂತು, ಯಾಕಂದ್ರೆ ಅವುಗಳ ಕಟೌಟು ದಾರಿಯಲ್ಲಿತ್ತು. ಗೀತಾಳದು ಇರಲಿಲ್ಲ.

ಸೊನ್ನೆ ಹೊಡೆದು ಹಾಕಿ ಎರಡು ಹೆಸರು ಬರೆದೆ. ಏಳಕ್ಕೆ ಎರಡು. ಅಮ್ಮ ಹಾಳೆ ಮಡಿಸಿ ಪಂಚಾಂಗದೊಳಗೆ ಇಟ್ಟುಕೊಂಡು, ‘ಈ ಬಸುರಿ ಹುಡುಗಿ ಸಿನಿಮಾ ಎಲ್ಲಿ ಸಿಗುತ್ತೆ ನೋಡು, ಸಂಜೆ ಹಾಕು’ ಅಂದ್ಲು.